ವೈನ್ ನಾಡಿನಲ್ಲಿ ಟೆಂಟ್: ಮೊದಲು ನೀರು, ಆಮೇಲೆ ಜಾಗ, ಕೊನೆಗೆ ಬಾಟಲಿ

ಉತ್ತರ ಕ್ಯಾಲಿಫೋರ್ನಿಯಾದ ವೈನ್ ನಾಡಿಗೆ ಬೇಸಿಗೆ ಬಂತೆಂದರೆ ನನಗೆ ಒಂದೇ ನಮೂನೆಯ ಫೋನು. ಶನಿವಾರ ಸಂಜೆ ಐದು ಗಂಟೆ, ಕಾರಿನೊಳಗಿಂದ: "ನಾಪಾದಲ್ಲಿದೀವಿ, ಮೂರು ವೈನರಿ ಮುಗೀತು. ಟೆಂಟ್ ಡಿಕ್ಕಿಯಲ್ಲಿದೆ. ನದಿ ಪಕ್ಕ ಎಲ್ಲಾದ್ರೂ ಜಾಗ ಇದ್ರೆ ಹೇಳಿ." ಇರುವುದಿಲ್ಲ. ಆ ಹೊತ್ತಿಗೆ ನೀರಿನ ಹತ್ತಿರ ಟೆಂಟ್ ಹಾಕಲು ಗೊತ್ತು ಮಾಡಿರುವ ಸೈಟುಗಳೆಲ್ಲ ಭರ್ತಿ. ಇದ್ದರೂ ಅಲ್ಲಿಗೆ ತಿರುವು ರಸ್ತೆಯಲ್ಲಿ ಒಂದೂವರೆ ಗಂಟೆ ಕಾರು ಓಡಿಸಬೇಕಾದವರು ಮೂರು ವೈನರಿ ಮುಗಿಸಿದವರೇ.

ಇವರೆಲ್ಲ ಎಡವುವುದು ಒಂದೇ ಜಾಗದಲ್ಲಿ. ಮೊದಲು ವೈನರಿಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಮಲಗುವ ಜಾಗ ಹುಡುಕುತ್ತಾರೆ, ನೀರು ಹೇಗೂ ಇರುತ್ತದೆ ಎಂದುಕೊಳ್ಳುತ್ತಾರೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ತಲೆಕೆಳಗು ಮಾಡಿದರೆ ಮಾತ್ರ ಪ್ರವಾಸ ಸರಿಹೋಗುತ್ತದೆ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಹಂತ 1: ಯಾವ ನೀರು ಎಂದು ತೀರ್ಮಾನಿಸಿ

ವೈನ್ ನಾಡು ಎಂದರೆ ನಾಪಾ ಒಂದೇ ಅಲ್ಲ. ನಾಪಾ, ಸೊನೋಮಾ, ಮೆಂಡೊಸಿನೊ, ಲೇಕ್ ಎಂಬ ನಾಲ್ಕು ಕೌಂಟಿಗಳು (ನಮ್ಮ ಜಿಲ್ಲೆಗಳ ಹಾಗೆ) ಅಕ್ಕಪಕ್ಕದಲ್ಲಿವೆ. ಹೆಸರು ದೊಡ್ಡದು ನಾಪಾದ್ದೇ, ಆದರೆ ನೀರಿಗೆ ಇಳಿಯಬೇಕೆನ್ನುವವರಿಗೆ ನಾಪಾ ಕಣಿವೆಯ ತಳದಲ್ಲಿ ಸಿಗುವುದು ತೀರಾ ಕಡಿಮೆ. ಸೇಂಟ್ ಹೆಲೆನಾ ಮತ್ತು ಕ್ಯಾಲಿಸ್ಟೋಗಾ ನಡುವಿನ ಬೋಥಿ-ನಾಪಾ ವ್ಯಾಲಿ ಸ್ಟೇಟ್ ಪಾರ್ಕ್‌ನಲ್ಲಿ ಟೆಂಟ್ ಹಾಕಲು ಒಳ್ಳೆಯ ನೆರಳಿದೆ, ರೆಡ್‌ವುಡ್ ಮರಗಳಿವೆ. ಆದರೆ ಅಲ್ಲಿ ಹರಿಯುವುದು ರಿಚಿ ಕ್ರೀಕ್ ಎಂಬ ಸಣ್ಣ ತೊರೆ. ಬೇಸಿಗೆಯ ಕೊನೆಗೆ ಅದರಲ್ಲಿ ಕಾಲು ತೊಳೆದುಕೊಳ್ಳಬಹುದು, ಅಷ್ಟೇ.

ರಷ್ಯನ್ ನದಿ. ಉಕಾಯಾ, ಹಾಪ್‌ಲ್ಯಾಂಡ್, ಕ್ಲೋವರ್‌ಡೇಲ್, ಹೀಲ್ಡ್ಸ್‌ಬರ್ಗ್, ಗರ್ನ್‌ವಿಲ್ ದಾಟಿ ಜೆನ್ನರ್ ಹತ್ತಿರ ಸಮುದ್ರ ಸೇರುತ್ತದೆ. ಕನೂ, ಕಯಾಕ್ ಎಂಬ ಹುಟ್ಟುದೋಣಿಗಳು, ಗಾಳಿ ತುಂಬಿ ತೇಲುವ ಟ್ಯೂಬ್ ಎಲ್ಲಕ್ಕೂ ಹೇಳಿ ಮಾಡಿಸಿದ ಹೊಳೆ. ಜನ ಎಡವುವುದು ಇಲ್ಲಿ: ಹೀಲ್ಡ್ಸ್‌ಬರ್ಗ್ ವೆಟರನ್ಸ್ ಮೆಮೋರಿಯಲ್ ಬೀಚ್‌ನಂಥ ದಂಡೆಗಳು ಹಗಲಿಗೆ ಮಾತ್ರ, ಸಂಜೆ ಗೇಟು ಹಾಕುತ್ತಾರೆ. ದಂಡೆಯ ಉದ್ದಕ್ಕೂ ಬಹುಪಾಲು ಖಾಸಗಿ ಜಮೀನು, ತೋಟಗಳು. ಖಾಲಿ ಕಾಣುತ್ತದೆಂದು ಟೆಂಟ್ ಬಿಚ್ಚುವಂತಿಲ್ಲ.

ಲೇಕ್ ಸೊನೋಮಾ. ಡ್ರೈ ಕ್ರೀಕ್ ಕಣಿವೆಯ ನೆತ್ತಿಯ ಮೇಲೆ ವಾರ್ಮ್ ಸ್ಪ್ರಿಂಗ್ಸ್ ಅಣೆಕಟ್ಟಿನ ಹಿಂದಿರುವ ಜಲಾಶಯ. ನೋಡಿಕೊಳ್ಳುವುದು ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್. ಇಲ್ಲಿ ಎರಡು ಬೇರೆ ಬೇರೆ ಬಗೆಯ ಕ್ಯಾಂಪಿಂಗ್ ಇದೆ, ಎರಡನ್ನೂ ಬೆರೆಸಿಕೊಂಡು ಪೇಚಾಡುವವರೇ ಹೆಚ್ಚು. ಕಾರು ಹೋಗುವ ಲಿಬರ್ಟಿ ಗ್ಲೆನ್ ಇರುವುದು ಗುಡ್ಡದ ಮೇಲೆ. ನೋಟ ಚೆಂದ, ನೀರು ಕೆಳಗೆ ದೂರ. ದಡದಲ್ಲೇ ಮಲಗಬೇಕೆಂದರೆ ದೋಣಿಯಲ್ಲೋ ನಡೆದೋ ತಲುಪುವ ಸೈಟುಗಳಿವೆ, ಅಲ್ಲಿ ಕುಡಿಯುವ ನೀರು ಸಿಗುವುದಿಲ್ಲ.

ಲೇಕ್ ಮೆಂಡೊಸಿನೊ. ಉಕಾಯಾ ಪಕ್ಕದಲ್ಲಿ, ಇದೂ ಆರ್ಮಿ ಕೋರ್‌ನದೇ. ಮಕ್ಕಳಿರುವವರಿಗೆ ಸಲೀಸು. ಬೇಸಿಗೆ ಕಳೆಯುತ್ತಾ ನೀರು ಇಳಿಯುತ್ತದೆ. ಬರದ ವರ್ಷಗಳಲ್ಲಿ ಸೈಟಿನಿಂದ ನೀರಿಗೆ ಹೋಗಲು ಬಿರುಕು ಬಿಟ್ಟ ಕೆಸರಿನ ಬಯಲು ದಾಟಬೇಕಾಗುತ್ತದೆ.

ಕ್ಲಿಯರ್ ಲೇಕ್. ಪೂರ್ತಿ ಕ್ಯಾಲಿಫೋರ್ನಿಯಾದೊಳಗೇ ಇರುವ ನೈಸರ್ಗಿಕ ಸಿಹಿನೀರಿನ ಸರೋವರಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಕೆಲ್ಸಿವಿಲ್ ಬಳಿಯ ಸ್ಟೇಟ್ ಪಾರ್ಕ್‌ನಲ್ಲಿ ಸೈಟುಗಳು ನೀರಿಗೆ ನಿಜಕ್ಕೂ ಹತ್ತಿರ. ಇಲ್ಲಿನ ತಾಪತ್ರಯ ಪಾಚಿ. ಅದಕ್ಕೆ ಹಂತ 7 ಓದದೆ ಬುಕ್ ಮಾಡಬೇಡಿ.

ಲೇಕ್ ಬೆರಿಯೆಸಾ. ನಾಪಾ ಕೌಂಟಿಯ ಪೂರ್ವದ ಗುಡ್ಡಗಳಲ್ಲಿದೆ. ಓಕ್ ಶೋರ್ಸ್, ಸ್ಮಿಟಲ್ ಕ್ರೀಕ್ ಎರಡೂ ಹಗಲಿಗೆ ಮಾತ್ರ. ರಾತ್ರಿ ಉಳಿಯಲು ಸುತ್ತಲಿನ ಗುತ್ತಿಗೆ ರೆಸಾರ್ಟ್‌ಗಳನ್ನೇ ಹುಡುಕಬೇಕು.

ನವಾರೊ ನದಿ. ಮೆಂಡೊಸಿನೊದ ಆಂಡರ್ಸನ್ ಕಣಿವೆಯಲ್ಲಿ ಫೈಲೊ ಎಂಬ ಊರಿನ ಪಕ್ಕ ಹೆಂಡಿ ವುಡ್ಸ್ ಸ್ಟೇಟ್ ಪಾರ್ಕ್. ಆಕಾಶ ಮುಚ್ಚುವ ರೆಡ್‌ವುಡ್ ಕಾಡು, ಕೆಳಗೆ ಹೊಳೆ, ಹತ್ತು ನಿಮಿಷದೊಳಗೆ ಪಿನೋ ನುವಾರ್ ಎಂಬ ವೈನ್ ದ್ರಾಕ್ಷಿ ಬೆಳೆಯುವ ತೋಟಗಳು. ಆಗಸ್ಟ್ ಹೊತ್ತಿಗೆ ಹೊಳೆ ಬಿಡಿಬಿಡಿ ಮಡುಗಳಾಗಿ ನಿಂತಿರುತ್ತದೆ, ಈಜುವ ಆಸೆ ಇಟ್ಟುಕೊಂಡು ಹೋಗಬೇಡಿ.

ನನ್ನನ್ನು ಕೇಳಿದರೆ: ಮೊದಲ ಸಲ, ಜೊತೆಗೆ ಮಕ್ಕಳು ಎಂದಾದರೆ ಲೇಕ್ ಮೆಂಡೊಸಿನೊ. ಕಯಾಕ್ ಇದ್ದರೆ, ರಟ್ಟೆಯಲ್ಲಿ ಕಸುವಿದ್ದರೆ ಲೇಕ್ ಸೊನೋಮಾ. ವೈನ್ ಕೂಡ ನೀರಿನಷ್ಟೇ ಮುಖ್ಯ ಎನ್ನುವವರಿಗೆ ಜೂನ್‌ನ ಹೆಂಡಿ ವುಡ್ಸ್. ಬರೀ ಹೆಸರಿಗಾಗಿ ನಾಪಾ ಬೇಡ.

## ಹಂತ 2: ತಿಂಗಳು ಗೊತ್ತು ಮಾಡಿ

ಮಳೆ ಬರುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಆ ಕಾಲದಲ್ಲಿ ರಷ್ಯನ್ ನದಿ ಬೇರೆಯದೇ ಹೊಳೆ. ಕೆಂಪಗೆ ಉಕ್ಕಿ ಮರಗಳನ್ನೇ ಹೊತ್ತು ಸಾಗುತ್ತದೆ. ಬೇಸಿಗೆ ಪೂರ್ತಿ ಒಣ.

ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹೋದರೆ ನೀರು ತುಂಬಿರುತ್ತದೆ, ಪಾಚಿ ಇನ್ನೂ ಜೋರಾಗಿರುವುದಿಲ್ಲ, ಗುಡ್ಡಗಳು ಪೂರ್ತಿ ಒಣಗಿರುವುದಿಲ್ಲ. ಎಲ್ಲರಿಗೂ ಬೇಕಾಗಿರುವುದು ಮಾತ್ರ ಸೆಪ್ಟೆಂಬರ್, ಅಕ್ಟೋಬರ್. ದ್ರಾಕ್ಷಿ ಕೊಯ್ಲು ನೋಡಬೇಕು ಎಂಬ ಹಂಬಲ. ಕೊಯ್ಲು ಚೆಂದವೇ, ಸುಳ್ಳಲ್ಲ. ಆದರೆ ಅದೇ ತಿಂಗಳುಗಳಲ್ಲಿ ಕೆರೆಗಳು ತಳ ಕಾಣುತ್ತವೆ, ರಸ್ತೆ ತುಂಬ ದ್ರಾಕ್ಷಿ ಲಾರಿ, ವೈನರಿಗಳಲ್ಲಿ ನೂಕುನುಗ್ಗಲು. ದೊಡ್ಡ ಕಾಡ್ಗಿಚ್ಚುಗಳೂ ಆಗಲೇ: 2017ರ ಅಕ್ಟೋಬರ್‌ನಲ್ಲಿ ಟಬ್ಸ್, 2019ರ ಅಕ್ಟೋಬರ್‌ನಲ್ಲಿ ಕಿಂಕೇಡ್, 2020ರ ಸೆಪ್ಟೆಂಬರ್ ಕೊನೆಗೆ ಗ್ಲಾಸ್. ಆ ದಿನಗಳಲ್ಲಿ ಹೋಗುವುದಾದರೆ ಹಂತ 9 ಬಾಯಿಪಾಠವಾಗಿರಲಿ.

ಯಾರೂ ಹೇಳದ ಇನ್ನೊಂದು ವಿಷಯ, ಸದ್ದು. ವಸಂತದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಟ್ಟುಹೋಗದಿರಲೆಂದು ನಸುಕಿನಲ್ಲಿ ತೋಟದ ದೈತ್ಯ ಫ್ಯಾನುಗಳನ್ನು ಓಡಿಸುತ್ತಾರೆ. ಹೆಲಿಕಾಪ್ಟರ್ ತಲೆಯ ಮೇಲೇ ನಿಂತ ಹಾಗಿರುತ್ತದೆ. ಹಣ್ಣು ಬಲಿಯುವ ಹೊತ್ತಿಗೆ ಹಕ್ಕಿ ಓಡಿಸಲು ಗ್ಯಾಸ್ ತೋಪು ಢಂ ಎನ್ನುತ್ತಿರುತ್ತದೆ. ಕೊಯ್ಲು ಬಹಳ ಕಡೆ ರಾತ್ರಿಯೇ ನಡೆಯುವುದರಿಂದ ಫ್ಲಡ್‌ಲೈಟು, ಟ್ರಾಕ್ಟರು ಬೇರೆ. ತೋಟಕ್ಕೆ ಅಂಟಿಕೊಂಡ ಸೈಟ್ ಸಿಕ್ಕಿತೆಂದು ಹಿಗ್ಗುವ ಮುಂಚೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

## ಹಂತ 3: ಸೈಟ್ ಬುಕ್ ಮಾಡಿ

ಬುಕಿಂಗ್‌ಗೆ ಎರಡು ಬೇರೆ ವೆಬ್‌ಸೈಟ್‌ಗಳಿವೆ. ಕ್ಲಿಯರ್ ಲೇಕ್, ಹೆಂಡಿ ವುಡ್ಸ್‌ನಂಥ ಸ್ಟೇಟ್ ಪಾರ್ಕ್‌ಗಳಿಗೆ ರಿಸರ್ವ್ ಕ್ಯಾಲಿಫೋರ್ನಿಯಾ. ಆರ್ಮಿ ಕೋರ್‌ನ ಲೇಕ್ ಸೊನೋಮಾ, ಲೇಕ್ ಮೆಂಡೊಸಿನೊಗಳಿಗೆ ರಿಕ್ರಿಯೇಶನ್ ಡಾಟ್ ಗವ್. ಒಂದರಲ್ಲಿ ಹುಡುಕಿ "ಎಲ್ಲೂ ಇಲ್ಲ" ಎಂದು ಕೈಚೆಲ್ಲುವವರನ್ನು ಬಹಳ ನೋಡಿದ್ದೇನೆ. ಕೌಂಟಿಯ ಪಾರ್ಕ್‌ಗಳದ್ದು ಮೂರನೆಯದು. ಸಾಂಟಾ ರೋಸಾದ ಸ್ಪ್ರಿಂಗ್ ಲೇಕ್ ಬೇಕಿದ್ದರೆ ಸೊನೋಮಾ ಕೌಂಟಿಯ ಸ್ವಂತ ಬುಕಿಂಗ್ ನೋಡಬೇಕು.

ಸ್ಟೇಟ್ ಪಾರ್ಕ್‌ಗಳ ಬುಕಿಂಗ್ ಸಾಮಾನ್ಯವಾಗಿ ಆರು ತಿಂಗಳ ಮುಂಚೆ, ಅದೇ ತಾರೀಖು, ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಜೂನ್ 12ಕ್ಕೆ ಬೇಕಿದ್ದರೆ ಡಿಸೆಂಬರ್ 12. ಹಿಂದಿನ ರಾತ್ರಿಯೇ ಖಾತೆ ತೆರೆದು, ಕಾರ್ಡಿನ ವಿವರ ತುಂಬಿ, ನಕ್ಷೆ ನೋಡಿ ಮೂರು ಸೈಟ್ ನಂಬರ್ ಚೀಟಿಯಲ್ಲಿ ಬರೆದಿಡಿ. 7:55ಕ್ಕೆ ಲಾಗಿನ್ ಆಗಿ ಕೂತಿರಿ. 8 ಗಂಟೆಗೆ ನಕ್ಷೆ ತೆರೆದು ಯಾವುದು ಚೆಂದ ಎಂದು ಆರಿಸುತ್ತಾ ಕೂತವರಿಗೆ ಸಿಗುವುದು ಶೌಚಾಲಯದ ಪಕ್ಕದ್ದೇ.

ತಪ್ಪಿಹೋಯಿತೇ? ಹೊರಡುವ ವಾರ ರದ್ದಾದ ಸೈಟುಗಳು ಹೊರಬರುತ್ತವೆ, ಮಂಗಳವಾರದಿಂದ ದಿನಕ್ಕೆರಡು ಸಲ ನೋಡಿ. ಭಾನುವಾರದಿಂದ ಗುರುವಾರದವರೆಗೆ ರಜೆ ಹಾಕಬಲ್ಲವರಿಗೆ ಈ ಪರದಾಟವೇ ಇಲ್ಲ.

ದುಡ್ಡು ಕಟ್ಟುವ ಮುಂಚೆ ಸೈಟಿನ ಪುಟದಲ್ಲಿ ನಾಲ್ಕು ಸಂಗತಿ ಹುಡುಕಿ: ಕುಡಿಯುವ ನೀರು ಈಗ ಬರುತ್ತಿದೆಯೇ, ಬೆಂಕಿ ಹಾಕಲು ಬಿಡುತ್ತಾರೆಯೇ, ಮದ್ಯಕ್ಕೆ ಅನುಮತಿ ಇದೆಯೇ, ಎಷ್ಟು ಜನ ಎಷ್ಟು ಕಾರು. ಮೂರನೆಯದನ್ನು ಯಾರೂ ನೋಡುವುದಿಲ್ಲ. ವೈನ್ ನಾಡಿನ ನಟ್ಟನಡುವೆ ಇದ್ದರೂ ಕೆಲವು ಪಾರ್ಕ್‌ಗಳಲ್ಲಿ, ಕೆಲವು ದಂಡೆಗಳಲ್ಲಿ ಬಾಟಲಿ ತೆಗೆಯುವಂತಿಲ್ಲ. ಗಾಜಿನ ಬಾಟಲಿ ದಂಡೆಗೆ ತರಬಾರದು ಎಂಬ ನಿಯಮವಂತೂ ಬಹಳ ಕಡೆ ಇದೆ.

## ಹಂತ 4: ಸಾಮಾನು ಜೋಡಿಸಿ

ಟೆಂಟ್, ಮಲಗುವ ಚೀಲ, ಟಾರ್ಚು ಇವೆಲ್ಲ ಯಾರಾದರೂ ತರುತ್ತಾರೆ. ಈ ಪ್ರದೇಶಕ್ಕೇ ಬೇಕಾಗಿ, ಮನೆಯಲ್ಲೇ ಉಳಿದುಬಿಡುವ ಸಾಮಾನು ಬೇರೆ.

ಉಕ್ಕಿನ ಗೂಟ, ರಬ್ಬರ್ ಸುತ್ತಿಗೆ. ಜುಲೈ ಹೊತ್ತಿಗೆ ಇಲ್ಲಿನ ಜೇಡಿ ನೆಲ ಸುಟ್ಟ ಇಟ್ಟಿಗೆ. ಟೆಂಟ್ ಜೊತೆ ಬರುವ ತೆಳು ಅಲ್ಯುಮಿನಿಯಂ ಗೂಟಗಳು ಎರಡನೇ ಏಟಿಗೇ ಕೊಕ್ಕೆಯಾಗುತ್ತವೆ. ಉದ್ದನೆಯ, ಮೊಳೆಯಂಥ ಉಕ್ಕಿನ ಗೂಟ ಹತ್ತು ತನ್ನಿ.

ಬೆಚ್ಚನೆಯ ಬಟ್ಟೆ. ಮಧ್ಯಾಹ್ನ 35 ಡಿಗ್ರಿ ದಾಟಿದ ದಿನವೇ ನಸುಕಿಗೆ 10–12ಕ್ಕೆ ಇಳಿಯಬಹುದು. ದ್ರಾಕ್ಷಿಗೆ ಈ ಏರಿಳಿತವೇ ಅಮೃತ, ಟಿ-ಶರ್ಟಿನಲ್ಲಿ ಮಲಗಿದವರಿಗೆ ಶಿಕ್ಷೆ.

ಎರಡು ಕೂಲರ್. ಒಂದು ಊಟಕ್ಕೆ, ಇನ್ನೊಂದು ವೈನಿಗೆ. ಮುಚ್ಚಿದ ಕಾರಿನಲ್ಲಿ ಬಿಟ್ಟ ಬಾಟಲಿ ಮಧ್ಯಾಹ್ನದೊಳಗೆ ಬೇಯುತ್ತದೆ. ಬಿರಡೆ ಬಾಯಿಯಿಂದ ಒಂದು ಕೂದಲೆಳೆ ಮೇಲೆ ಬಂದಿದ್ದರೆ, ಕತ್ತಿನ ಸುತ್ತ ಅಂಟಂಟು ಇಳಿದಿದ್ದರೆ ಅದು ಬೆಂದ ಗುರುತು. ಐಸ್ ಪ್ಯಾಕ್ ಮೇಲೆ ಟವಲ್ ಹಾಸಿ, ಅದರ ಮೇಲೆ ಬಾಟಲಿ ಮಲಗಿಸಿ.

ಲೈಫ್ ಜಾಕೆಟ್. ಕಯಾಕ್, ಕನೂ ಏನೇ ಇರಲಿ, ತಲೆಗೊಂದು. ಚಲಿಸುತ್ತಿರುವ ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ತೊಟ್ಟೇ ಇರಬೇಕೆಂಬುದು ರಾಜ್ಯದ ಕಾನೂನು.

ಕುಡಿಯುವ ನೀರು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ಮನೆಯಿಂದಲೇ. "ಕೆರೆ ನೀರು ಫಿಲ್ಟರ್ ಮಾಡ್ತೀವಿ" ಎಂಬ ಮಾತು ಇಲ್ಲಿ ಬೇಡ, ಕಾರಣ ಮುಂದೆ ಬರುತ್ತದೆ.

ಕಾಗದದ ನಕ್ಷೆ. ಲೇಕ್ ಸೊನೋಮಾದ ಬಹುಭಾಗ, ಹೆಂಡಿ ವುಡ್ಸ್, ಸೊನೋಮಾ ಕೌಂಟಿಯ ಷುಗರ್‌ಲೋಫ್ ರಿಜ್ ಸ್ಟೇಟ್ ಪಾರ್ಕ್ ಈ ಕಡೆಗಳಲ್ಲಿ ಮೊಬೈಲ್ ಸಿಗ್ನಲ್ ನಂಬುವಂಥದ್ದಲ್ಲ.

ಸೌದೆ ಮಾತ್ರ ಮನೆಯಿಂದ ತರಬೇಡಿ. ಓಕ್ ಮರಗಳನ್ನು ಕೊಲ್ಲುವ ರೋಗ, ಹುಳು ಸೌದೆಯ ಜೊತೆಗೇ ಪ್ರಯಾಣ ಮಾಡುತ್ತವೆ. ಕ್ಯಾಂಪಿನ ಹತ್ತಿರವೇ ಕೊಳ್ಳಿ.

ಸ್ವಂತ ದೋಣಿ ತರುವವರು ಒಂದು ವಾರ ಮುಂಚೆ ಆ ಕೆರೆಯ ಚಿಪ್ಪುಜೀವಿ ತಪಾಸಣೆಯ ನಿಯಮ ಓದಿಕೊಳ್ಳಿ. ಹೊರಗಿನಿಂದ ಮಸಲ್ ಎಂಬ ಚಿಪ್ಪುಜೀವಿ ಬರದಂತೆ ಬಿಗಿ ಮಾಡಿದ್ದಾರೆ, 2024ರಲ್ಲಿ ಸ್ಯಾಕ್ರಮೆಂಟೊ-ಸ್ಯಾನ್ ವಾಕೀನ್ ನದಿಗಳ ಡೆಲ್ಟಾದಲ್ಲಿ ಗೋಲ್ಡನ್ ಮಸಲ್ ಸಿಕ್ಕ ಮೇಲಂತೂ ಇನ್ನಷ್ಟು. ದೋಣಿಯ ತಳದಲ್ಲಿ ಒಂದು ಲೋಟ ನೀರು ಉಳಿದಿದ್ದರೂ ವಾಪಸ್ ಕಳಿಸಬಹುದು. ಒರೆಸಿ ಒಣಗಿಸಿ ತನ್ನಿ.

## ಹಂತ 5: ಈಗ ವೈನರಿಗೆ ಫೋನ್ ಮಾಡಿ

ಸೈಟ್ ಖಚಿತವಾದ ಮೇಲೆ, ಅದರ ಮುಂಚೆ ಅಲ್ಲ. ನಕ್ಷೆಯಲ್ಲಿ ಸೈಟಿನ ಸುತ್ತ ಅರ್ಧ ಗಂಟೆಯ ದಾರಿಯೊಳಗಿನವನ್ನು ಮಾತ್ರ ನೋಡಿ. ಲೇಕ್ ಸೊನೋಮಾದಲ್ಲಿ ಮಲಗಿ ನಾಪಾದಲ್ಲಿ ಟೇಸ್ಟಿಂಗ್ ಎಂದರೆ ಇಡೀ ದಿನ ಸ್ಟೇರಿಂಗ್ ಹಿಂದೆ. ಅಣೆಕಟ್ಟಿನ ಕೆಳಗೇ ಜಿನ್‌ಫಂಡೆಲ್ ಎಂಬ ಕೆಂಪು ವೈನಿಗೆ ಹೆಸರಾದ ಡ್ರೈ ಕ್ರೀಕ್ ಕಣಿವೆ ಇದೆಯಲ್ಲ!

ನಾಪಾದಲ್ಲಿ ಬಹುತೇಕ ಕಡೆ ಮುಂಚೆಯೇ ಸಮಯ ಗೊತ್ತು ಮಾಡಿಕೊಂಡು ಹೋಗಬೇಕು. ಮೆಂಡೊಸಿನೊ, ಲೇಕ್ ಕೌಂಟಿಗಳಲ್ಲಿ ಇಷ್ಟು ಬಿಗಿ ಇಲ್ಲ, ದುಡ್ಡೂ ಕಡಿಮೆ. ಮಕ್ಕಳನ್ನು, ನಾಯಿಯನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳಿ. 21 ದಾಟಿದವರೂ ಗುರುತಿನ ಚೀಟಿ ಇಟ್ಟುಕೊಂಡಿರಿ.

ದಿನಕ್ಕೆ ಎಷ್ಟು? ಒಂದು, ಹೆಚ್ಚೆಂದರೆ ಎರಡು. ಬೆಳಗ್ಗೆ ಹನ್ನೊಂದರದ್ದು ಒಳ್ಳೆಯದು. ನಾಲಿಗೆ ಚುರುಕಾಗಿರುತ್ತದೆ, ಜನ ಕಮ್ಮಿ, ಮಧ್ಯಾಹ್ನದ ಬಿಸಿಲಿಗೆ ನೀರಿನೊಳಗಿರಬಹುದು. ಟೆಂಟ್ ಹಾಕುವ ದಿನ ಒಂದೂ ಬೇಡ. ಈ ಒಂದು ಮಾತನ್ನು ಕೇಳಿದ್ದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ನಿಲ್ಲುತ್ತಿದ್ದವು.

## ಹಂತ 6: ಟೆಂಟ್ ಹಾಕುವ ದಿನ

ಸ್ಟೇಟ್ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೆ ಒಳಗೆ ಬಿಡುತ್ತಾರೆ. ಮೂರಕ್ಕೆಲ್ಲ ಅಲ್ಲಿರಿ. ಪೆಟ್ರೋಲ್, ಐಸ್, ಸೌದೆ ದೊಡ್ಡ ರಸ್ತೆ ಬಿಡುವ ಮುಂಚೆ ಆಗಿಹೋಗಲಿ.

ಇಳಿದ ಕೂಡಲೇ ಟೆಂಟ್ ಬಿಚ್ಚಬೇಡಿ. ಮೊದಲು ಕತ್ತೆತ್ತಿ ಮೇಲೆ ನೋಡಿ. ಇಲ್ಲಿನ ಹಳೆಯ ಓಕ್ ಮರಗಳು ಗಾಳಿಯೇ ಇಲ್ಲದ, ಬಿಸಿಲು ಹೊಡೆಯುವ ಮಧ್ಯಾಹ್ನ ಕೂಡ ತೊಲೆಯಂಥ ಕೊಂಬೆಯನ್ನು ಇದ್ದಕ್ಕಿದ್ದಂತೆ ಕಳಚಿಬಿಡುತ್ತವೆ. ಒಣಗಿದ ಕೊಂಬೆಯ ನೇರ ಕೆಳಗೆ ನೆರಳೆಂದು ಟೆಂಟ್ ಹಾಕಬಾರದು.

ಆಮೇಲೆ ನೆಲ. ಸೈಟಿನ ತಗ್ಗಿನ ಮೂಲೆ ಮೆತ್ತಗೆ ಹುಲ್ಲಾಗಿರುತ್ತದೆ, ಅದೇ ಕರೆಯುತ್ತದೆ. ರಾತ್ರಿ ತಂಪುಗಾಳಿ ನೀರಿನ ಹಾಗೆ ಇಳಿದುಬಂದು ಆ ತಗ್ಗಿನಲ್ಲೇ ನಿಲ್ಲುತ್ತದೆ. ತೋಟದವರು ಫ್ಯಾನು ನೆಡುವುದು ಇಂಥ ತಗ್ಗುಗಳಲ್ಲೇ. ಅಲ್ಲಿಂದ ಹತ್ತು ಹೆಜ್ಜೆ ಮೇಲಕ್ಕೆ ಹೋಗಿ. ಲೇಕ್ ಸೊನೋಮಾದ ಮೇಲೆ ಒಮ್ಮೆ ನಾನೇ ಈ ಬುದ್ಧಿ ಕಲಿತದ್ದು. ಕತ್ತಲಲ್ಲಿ ಬಂದು, ಮೊಬೈಲ್ ಬೆಳಕಿನಲ್ಲಿ ಮೆತ್ತಗಿದ್ದ ಕಡೆ ಟೆಂಟ್ ಎಬ್ಬಿಸಿ ಮಲಗಿದೆವು. ನಾಲ್ಕು ಗಂಟೆಗೆ ಎಚ್ಚರವಾದಾಗ ಹೊದಿಕೆಯ ಒಳಮೈಯಿಂದ ಹನಿ ಒಂದೊಂದಾಗಿ ಹಣೆಗೆ ಬೀಳುತ್ತಿತ್ತು. ಮಳೆಯಲ್ಲ, ನಮ್ಮದೇ ಉಸಿರು. ಪಕ್ಕದ ಸೈಟಿನವರು ದಿಬ್ಬದ ಮೇಲೆ ಗೊರಕೆ ಹೊಡೆಯುತ್ತಿದ್ದರು.

ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ. ಕೆರೆಗಳ ಮೇಲೆ ಮಧ್ಯಾಹ್ನದ ಗಾಳಿ ಜೋರು. ಗೂಟವನ್ನು ಟೆಂಟಿನಿಂದ ಆಚೆಗೆ ವಾಲಿಸಿ, ತಲೆ ನೆಲ ಮುಟ್ಟುವವರೆಗೆ ಹೊಡೆಯಿರಿ. ಮೇಲಿನ ಜಾಲರಿ ಕಿಟಕಿಯನ್ನು ಚಳಿಯೆಂದು ಪೂರ್ತಿ ಮುಚ್ಚಬೇಡಿ, ಮುಚ್ಚಿದರೆ ನನಗಾದ ಹಾಗೆ ಹನಿಯ ಸ್ನಾನ.

ಸೈಟಿನ ಅಂಚಿನಲ್ಲಿ ಮೂರು ಮೂರು ಎಲೆಗಳ, ಮಿಣುಗುವ ಪೊದೆ ಕಂಡರೆ ಅದು ಪಾಯ್ಸನ್ ಓಕ್. ಬೇಸಿಗೆಯ ಕೊನೆಗೆ ಚೆಂದವಾಗಿ ಕೆಂಪಾಗುತ್ತದೆ, ಮಕ್ಕಳು ಕೀಳಲು ಹೋಗುತ್ತಾರೆ. ತಾಗಿದರೆ ಆದಷ್ಟು ಬೇಗ ಸೋಪು, ತಣ್ಣೀರಿನಲ್ಲಿ ತಿಕ್ಕಿ ತೊಳೆಯಿರಿ. ಅದರ ಕಡ್ಡಿಯನ್ನು ಬೆಂಕಿಗೆ ಹಾಕಿದರೆ ಹೊಗೆ ಶ್ವಾಸಕೋಶಕ್ಕೇ ಹೋಗುತ್ತದೆ, ಅದು ಇನ್ನೂ ಅಪಾಯ. ಬಂಡೆಯ ಸಂದಿಗೆ, ಸೌದೆ ರಾಶಿಗೆ ಕಾಣದೆ ಕೈ ಹಾಕಬೇಡಿ, ಬುಡುಬುಡಿಕೆ ಬಾಲದ ರ‍್ಯಾಟಲ್ ಹಾವು ಇರುವ ನಾಡಿದು.

ಊಟ ಮುಗಿದ ಮೇಲೆ ಎಲ್ಲವೂ ಲಾಕರ್‌ಗೋ ಕಾರಿನೊಳಗೋ. ರಕೂನ್‌ಗಳಿಗೆ ಕೂಲರಿನ ಚಿಲಕ ತೆಗೆಯಲು ಬರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಳದಿ ಕಣಜ ವೈನ್ ಲೋಟದೊಳಗೇ ಇಳಿಯುತ್ತದೆ. ಲೋಟದ ಮೇಲೆ ಒಂದು ತಟ್ಟೆ ಮುಚ್ಚಿ, ಪ್ರತಿ ಗುಟುಕಿಗೂ ಒಳಗೆ ನೋಡಿ ಕುಡಿಯಿರಿ.

## ಹಂತ 7: ನೀರಿಗೆ ಇಳಿಯುವ ಮುಂಚೆ

ಹೊಳೆಯಲ್ಲಿ. ಬೇಸಿಗೆಯ ರಷ್ಯನ್ ನದಿ ಮೊಣಕಾಲುದ್ದ ಕಾಣುತ್ತದೆ, ಮೋಸವೂ ಅಲ್ಲೇ. ಜಲ್ಲಿಯ ಮೇಲೆ ನಾಲ್ಕು ಹೆಜ್ಜೆ ಮೊಣಕಾಲುದ್ದ, ಐದನೆಯದಕ್ಕೆ ತಲೆ ಮುಳುಗುವ ಮಡು. ಈಜು ಬಾರದವರು, ಮಕ್ಕಳು ದಂಡೆಯಲ್ಲಿ ಆಡುವಾಗಲೂ ಜಾಕೆಟ್ ಬಿಚ್ಚಬಾರದು. ಸೊನೋಮಾ ಕೌಂಟಿಯ ನದಿ ದಂಡೆಗಳಲ್ಲಿ ಬಿಟ್ಟಿಯಾಗಿ ಎರವಲು ಕೊಡುತ್ತಾರೆ, ಹಾಕಿಕೊಂಡು ಹಿಂದಿರುಗಿಸಿದರಾಯಿತು.

ಹೊಳೆಗೆ ಅಡ್ಡ ಬಿದ್ದ ಮರ ಕಂಡರೆ ದೂರದಿಂದಲೇ ಬದಿಗೆ ಹುಟ್ಟುಹಾಕಿ. ನೀರು ಕೊಂಬೆಗಳ ನಡುವೆ ನುಸುಳುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಟ್ಯೂಬುಗಳನ್ನು ಒಂದಕ್ಕೊಂದು ಹಗ್ಗದಲ್ಲಿ ಕಟ್ಟುವುದು ಜಾಲಿಯಾಗಿ ಕಾಣುತ್ತದೆ. ಆ ಹಗ್ಗವೇ ಕೊಂಬೆಗೆ ಸುತ್ತಿಕೊಳ್ಳುವುದು. ಬೆಳಗ್ಗೆಯೇ ಹೊರಡಿ. ಮಧ್ಯಾಹ್ನ ಸಮುದ್ರದ ಕಡೆಯಿಂದ ಎದುರುಗಾಳಿ ಬೀಸಿದರೆ ಟ್ಯೂಬು ಮುಂದಕ್ಕೆ ಹೋಗುವ ಬದಲು ನಿಂತಲ್ಲೇ ಗಿರಗಿರ ತಿರುಗುತ್ತದೆ.

ಕೆರೆಯಲ್ಲಿ. ದೋಣಿಯಲ್ಲಿ ಸೈಟ್ ತಲುಪುವವರು ಹತ್ತು ಗಂಟೆಯೊಳಗೆ ದಾಟಿಕೊಳ್ಳಿ. ಗಾಳಿ ಎದ್ದ ಮೇಲೆ ಸಾಮಾನು ತುಂಬಿದ ಕಯಾಕ್ ಬಾಗುತ್ತದೆ. ನೀರಿನ ಮೇಲೆ ಬಿಳಿ ನೊರೆಯ ತಲೆಗಳು ಕಂಡರೆ ದಡದಲ್ಲೇ ಕಾಯಿರಿ.

ಪಾಚಿ. ಹೆಚ್ಚು ಜನ ಲಘುವಾಗಿ ತೆಗೆದುಕೊಳ್ಳುವುದು ಇದನ್ನೇ. ಇಲ್ಲಿನ ನೀಲಿ-ಹಸಿರು ಪಾಚಿ ನಿಜದಲ್ಲಿ ಬ್ಯಾಕ್ಟೀರಿಯಾ, ಬಿಸಿ ದಿನಗಳಲ್ಲಿ ವಿಷ ಬಿಡಬಲ್ಲದು. ಕುದಿಸಿದರೂ, ಕ್ಯಾಂಪಿಂಗ್ ಫಿಲ್ಟರ್‌ನಲ್ಲಿ ಸೋಸಿದರೂ ಆ ವಿಷ ಹೋಗುವುದಿಲ್ಲ. ಅದಕ್ಕೇ ನೀರು ಮನೆಯಿಂದ ಎಂದದ್ದು.

ನೋಡುವುದು ಹೇಗೆ? ಒಂದು ಉದ್ದ ಕಡ್ಡಿ ತೆಗೆದುಕೊಂಡು ಹಸಿರು ತೇಲುತ್ತಿರುವ ಕಡೆ ಅದ್ದಿ ಮೇಲೆತ್ತಿ. ಕೂದಲಿನ ಹಾಗೆ ಎಳೆಎಳೆಯಾಗಿ ಜೋತುಬಿದ್ದರೆ ಅದು ಮಾಮೂಲಿ ಪಾಚಿ. ಕಡ್ಡಿಗೆ ಹಸಿರು ಪೇಂಟ್ ಬಳಿದ ಹಾಗೆ ಅಂಟಿಕೊಂಡರೆ ವಿಷದ್ದಿರಬಹುದು. ಆ ನೀರಿಗೆ ಇಳಿಯಬೇಡಿ, ಕಡ್ಡಿಯನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಹೊಳೆಯಲ್ಲಿ ಇದು ಬೇರೆ ವೇಷದಲ್ಲಿರುತ್ತದೆ: ತಳದ ಕಲ್ಲಿಗೆ ಅಂಟಿದ ಕಂದು-ಹಸಿರು ಚಾಪೆ, ಕಳಚಿ ತೇಲಿಬಂದು ದಂಡೆಯಲ್ಲಿ ಒಣಗುತ್ತದೆ. ಅದರ ವಾಸನೆ ನಾಯಿಗಳಿಗೆ ಬಹಳ ಇಷ್ಟ. ತಿಂದರೆ ಸಾವೂ ಬರಬಹುದು, ಹಗ್ಗ ಬಿಚ್ಚಬೇಡಿ.

ದಡದ ಫಲಕಗಳಲ್ಲಿ ಮೂರು ಮೆಟ್ಟಿಲು. ಕಾಷನ್ ಎಂದಿದ್ದರೆ ಹಸಿರು ಕೆನೆಯಿಂದ ದೂರವಿರಿ, ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ವಾರ್ನಿಂಗ್ ಎಂದರೆ ಈಜಬೇಡಿ. ಡೇಂಜರ್ ಎಂದರೆ ನೀರನ್ನೇ ಮುಟ್ಟಬೇಡಿ. ಕ್ಲಿಯರ್ ಲೇಕ್ ದೊಡ್ಡದಾದ್ದರಿಂದ ಒಂದು ಮೂಲೆ ಹಸಿರಾಗಿದ್ದಾಗ ಇನ್ನೊಂದು ತಿಳಿಯಾಗಿರಬಹುದು, ಗಾಳಿ ತಿರುಗಿದರೆ ಅದಲುಬದಲೂ ಆಗಬಹುದು. ನಿನ್ನೆ ಚೆನ್ನಾಗಿತ್ತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

## ಹಂತ 8: ವೈನರಿಯಿಂದ ಟೆಂಟಿಗೆ

ಲೆಕ್ಕ ಹಾಕಿ. ಒಂದು ಟೇಸ್ಟಿಂಗ್‌ನಲ್ಲಿ ಐದು ಬಗೆ ಸುರಿದರು, ತಲಾ 45 ಮಿಲಿ ಎಂದಿಟ್ಟುಕೊಳ್ಳೋಣ. 225 ಮಿಲಿ ಆಯಿತು. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಎಂದರೆ ಶೇ 12ರ ವೈನ್ 150 ಮಿಲಿಯಷ್ಟು. ಡ್ರೈ ಕ್ರೀಕ್ ಜಿನ್‌ಫಂಡೆಲ್ ಎಷ್ಟೋ ಸಲ ಶೇ 15 ಮುಟ್ಟುತ್ತದೆ. ಅಂದರೆ "ಸುಮ್ನೆ ರುಚಿ ನೋಡಿದ್ದು" ಎಂಬುದು ಎರಡು ಡ್ರಿಂಕ್‌ಗೆ ಹತ್ತಿರ. ಎರಡು ವೈನರಿಗೆ ನಾಲ್ಕು. ಕಾರು ಓಡಿಸುವವರ ರಕ್ತದಲ್ಲಿ ಮದ್ಯದ ಮಿತಿ ಶೇ 0.08, ದೋಣಿ ನಡೆಸುವವರಿಗೂ ಅದೇ.

ಓಡಿಸುವವರು ಯಾರೆಂದು ಬೆಳಗಿನ ಕಾಫಿಯ ಹೊತ್ತಿಗೇ ತೀರ್ಮಾನವಾಗಲಿ. ಅವರು ಕುಡಿಯದಿದ್ದರೆ ಸರಿ. ಬಾಯಿಗಾದರೂ ಹಾಕಿಕೊಳ್ಳಬೇಕೆಂದರೆ ಮೇಜಿನ ಮೇಲಿನ ಪಾತ್ರೆ ಉಗುಳಲೆಂದೇ ಇಟ್ಟಿರುವುದು, ನಾಚಿಕೆ ಪಡಬೇಕಿಲ್ಲ. ಊಬರ್ ನಂಬಿ ಹೋಗಬೇಡಿ. ಊರಿನಲ್ಲಿ ಸಿಕ್ಕೀತು, ಸಿಗ್ನಲ್ಲೇ ಇಲ್ಲದ ಸೈಟಿಗೆ ಬರುವವರಾರು?

ಅರ್ಧ ಉಳಿದ ಬಾಟಲಿಗೆ ಬಿರಡೆ ಒತ್ತಿದರೂ ಕಾನೂನಿನ ಕಣ್ಣಿಗೆ ಅದು ತೆರೆದ ಬಾಟಲಿಯೇ. ಡಿಕ್ಕಿಯಲ್ಲಿಡಿ. ಡಿಕ್ಕಿ ಇಲ್ಲದ ಗಾಡಿಯಾದರೆ ಯಾರೂ ಕೂರದ ಹಿಂಭಾಗದಲ್ಲಿ. ಹಿಂದಿನ ಸೀಟಿನವರು ಗುಟುಕರಿಸುತ್ತಾ ಬರುವುದೂ ತಪ್ಪು.

## ಹಂತ 9: ಬೆಂಕಿ, ಹೊಗೆ

ಹೊರಡುವ ದಿನ ಬೆಳಗ್ಗೆ ಎರಡು ಸಂಗತಿ ನೋಡಿ: ಕಾಡ್ಗಿಚ್ಚು ಹಬ್ಬುವಂಥ ಹವೆಯೆಂದು ಹವಾಮಾನ ಇಲಾಖೆ ಕೊಡುವ ರೆಡ್ ಫ್ಲ್ಯಾಗ್ ಎಚ್ಚರಿಕೆ ಇದೆಯೇ, ಪಾರ್ಕ್‌ನಲ್ಲಿ ಬೆಂಕಿ ನಿಷೇಧ ಬಂದಿದೆಯೇ. ರೆಡ್ ಫ್ಲ್ಯಾಗ್ ಇದ್ದರೆ ಪ್ರವಾಸ ರದ್ದು. ಕಟ್ಟಿದ ದುಡ್ಡು ಹೋದರೂ ಹೋಗಲಿ.

ಕಾಡ್ಗಿಚ್ಚಿನ ಸುದ್ದಿ ಕೊಡುವ ವಾಚ್ ಡ್ಯೂಟಿ ಆ್ಯಪ್ ಹಾಕಿಕೊಳ್ಳಿ. ಆ ಕೌಂಟಿಯ ತೆರವು ನಕ್ಷೆಯಲ್ಲಿ ನಿಮ್ಮ ಸೈಟ್ ಯಾವ ತೆರವು ವಲಯದಲ್ಲಿದೆ ಎಂದು ನೋಡಿ ಅದರ ಸಂಕೇತವನ್ನು ಕಾಗದದಲ್ಲಿ ಬರೆದು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿ. ಆದೇಶ ಬರುವುದು ಊರಿನ ಹೆಸರಿನಲ್ಲಲ್ಲ, ಆ ಸಂಕೇತದಲ್ಲಿ. ಸಿಗ್ನಲ್ ಇಲ್ಲದ ಕಡೆ ಬ್ಯಾಟರಿಯ ಹವಾಮಾನ ರೇಡಿಯೋ ಇರಲಿ.

ಕಾರನ್ನು ಮೂತಿ ಹೊರಗೆ ಮಾಡಿ ನಿಲ್ಲಿಸಿ, ಕೀಲಿ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿರಲಿ. ಹೊರಹೋಗುವ ದಾರಿ ಎಷ್ಟು ಎಂದು ಎಣಿಸಿ. ಷುಗರ್‌ಲೋಫ್ ರಿಜ್‌ಗೆ ಇರುವುದು ಅಡೋಬಿ ಕ್ಯಾನ್ಯನ್ ರಸ್ತೆ ಒಂದೇ. ಅಂಥ ಕಡೆ ಇನ್ನೂ ಬೇಗ ಹೊರಡಬೇಕು.

ಮೈಗೆ ತಿಳಿಯುವ ಸೂಚನೆಯೂ ಒಂದಿದೆ. ಸಾಮಾನ್ಯ ರಾತ್ರಿ ಇಲ್ಲಿ ಸಮುದ್ರದ ಕಡೆಯಿಂದ ತಂಪು ಬರುತ್ತದೆ, ನಸುಕಿಗೆ ಮಂಜು. ಅದರ ಬದಲು ರಾತ್ರಿ ಹತ್ತರ ಮೇಲೆ ಈಶಾನ್ಯದ ಗುಡ್ಡಗಳಿಂದ ಬೆಚ್ಚನೆಯ ಒಣ ಗಾಳಿ ಬೀಸತೊಡಗಿದರೆ, ತುಟಿ ಒಡೆಯುವಷ್ಟು ಒಣಗಿದ್ದರೆ, ಅದು ಡಯಾಬ್ಲೊ ಗಾಳಿ. ಟಬ್ಸ್ ಬೆಂಕಿ ರಾತ್ರೋರಾತ್ರಿ ಕ್ಯಾಲಿಸ್ಟೋಗಾ ಕಡೆಯಿಂದ ಸಾಂಟಾ ರೋಸಾದೊಳಗೆ ನುಗ್ಗಿದ್ದು ಇಂಥ ಗಾಳಿಯ ಬೆನ್ನೇರಿ. ಹೊಗೆ ವಾಸನೆ ಬರಲಿ, ಆದೇಶ ಬರಲಿ ಎಂದು ಕಾಯಬೇಡಿ. ಟೆಂಟ್ ಅಲ್ಲೇ ಬಿಟ್ಟು ಹೊರಡಿ, ಟೆಂಟ್ ಇನ್ನೊಂದು ಸಿಗುತ್ತದೆ.

ಬೆಂಕಿ ದೂರದಲ್ಲಿದ್ದು ಹೊಗೆ ಮಾತ್ರ ಬಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಿ. 150 ದಾಟಿದರೆ ಯಾರಿಗೂ ಒಳ್ಳೆಯದಲ್ಲ, ಮಕ್ಕಳು, ಉಬ್ಬಸದವರು ಇದ್ದರೆ 100ಕ್ಕೇ ಗಂಟುಮೂಟೆ ಕಟ್ಟಿ.

## ಹಂತ 10: ಹೊರಡುವ ಬೆಳಗ್ಗೆ

ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಸೈಟ್ ಬಿಡಬೇಕು, ಅದೂ ಒಣಗಿದ ಟೆಂಟ್‌ನೊಂದಿಗೆ. ಎದ್ದ ಕೂಡಲೇ ಹೊದಿಕೆ ತೆಗೆದು ಬಿಸಿಲು ಬೀಳುವ ಕೊಂಬೆಗೆ ಹರಡಿ, ಆಮೇಲೆ ಕಾಫಿ.

ಬೆಂಕಿ ಹಾಕಿದ್ದರೆ ನೀರು ಸುರಿದು, ಕಡ್ಡಿಯಲ್ಲಿ ಕಲಕಿ, ಮತ್ತೆ ಸುರಿಯಿರಿ. ಮಣ್ಣು ಮುಚ್ಚುವುದು ಸಾಲದು, ಅದರಡಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ತನ್ನಿ. ಬಿಸಿ ತಾಗಿದರೆ ಇನ್ನೊಂದು ಬಕೆಟ್.

ಬೇರೆ ಕೆರೆಗೆ ಹೋಗುವವರು ಕಯಾಕ್, ಹುಟ್ಟು, ಮಕ್ಕಳ ನೀರಾಟದ ಬೂಟುಗಳನ್ನು ಒರೆಸಿ ಬಿಸಿಲಿಗಿಡಿ. ಕೊಂಡ ಬಾಟಲಿಗಳ ಪೆಟ್ಟಿಗೆಗೆ ಹೊಸ ಐಸ್ ಪ್ಯಾಕ್ ಹಾಕಿ, ಎಲ್ಲಕ್ಕಿಂತ ಕೊನೆಗೆ ಕಾರಿಗೆ ತುಂಬಿ, ಮನೆ ತಲುಪಿದ ಕೂಡಲೇ ಅದನ್ನೇ ಮೊದಲು ಇಳಿಸಿ.